ಅಂಗೈ ಅಗಲದ ಹಿತ್ತಲಿನಲ್ಲಿ ಹೆಚ್ಚು ತರಕಾರಿ ತೆಗೆಯುವುದು ಹೇಗೆ? (ಮಡಿಕೇರಿ, 20 × 15 ಅಡಿ)

ಮಡಿಕೇರಿ ಹಿತ್ತಲು · ಸೆಪ್ಟೆಂಬರ್ 14

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ಅಂಚಿನಲ್ಲಿ ನಮ್ಮದು ಬಾಡಿಗೆ ಮನೆ. ಹಿಂದೆ ಪೂರ್ವ-ಪಶ್ಚಿಮವಾಗಿ 20 ಅಡಿ ಉದ್ದ, 15 ಅಡಿ ಅಗಲದ ಹಿತ್ತಲಿದೆ. ಉತ್ತರಕ್ಕೆ ತಂತಿ ಬೇಲಿ, ಅದರಾಚೆ ಯಾರದೋ ಕಾಫಿ ತೋಟ. ಪಶ್ಚಿಮದ ಮೂಲೆಯಲ್ಲಿ ತಗಡಿನ ಮಾಡಿನ (ಛಾವಣಿಯ) ಬಚ್ಚಲು ಮನೆ. ನೆಲ ಸ್ವಲ್ಪ ಇಳಿಜಾರು.

ಕಳೆದ ವರ್ಷ ಅಕ್ಟೋಬರ್ ಕೊನೆಯಲ್ಲಿ ಒಂದು ಅಡಿ ಅಗಲದ ಐದು ಏರು (ಮಣ್ಣಿನ ದಿಂಡು) ಮಾಡಿ, ಪ್ರತಿಯೊಂದರ ಪಕ್ಕದಲ್ಲಿ 2 ಅಡಿ ದಾರಿ ಬಿಟ್ಟು, ಬೀನ್ಸ್, ಟೊಮೆಟೊ, ಮೂಲಂಗಿ, ಹರಿವೆ ಹಾಕಿದ್ದೆ. ಕೊಯ್ದದ್ದನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಕ್ಯಾಲೆಂಡರಿನ ಮೇಲೆ ಬರೆಯುವ ಚಾಳಿ ನನಗಿದೆ. ಮಾರ್ಚ್ ಕೊನೆಗೆ ಕೂಡಿಸಿದಾಗ ಬಂದದ್ದು 38 ಕಿಲೋ. ನಾಲ್ವರಿರುವ ಮನೆಗೆ ಇದು ಏತಕ್ಕೂ ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿತ್ತಲಿನಲ್ಲಿ ಪಾಚಿ ಬಿಟ್ಟರೆ ಬೇರೇನೂ ಬೆಳೆಯಲಿಲ್ಲ. ಜಾಗ ಹೆಚ್ಚಿಸುವ ದಾರಿ ಇಲ್ಲ. ಇಷ್ಟರಲ್ಲಿಯೇ ಇನ್ನಷ್ಟು ತೆಗೆಯಲು ಏನು ಮಾಡಬಹುದು?

ವಿರಾಜಪೇಟೆ ಮೇಷ್ಟ್ರು · ಸೆಪ್ಟೆಂಬರ್ 14

ನಿವೃತ್ತನಾದವನ ಕೈಗೆ ಟೇಪು, ಪೆನ್ಸಿಲ್ ಕೊಟ್ಟರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ನಿಮ್ಮ ಹಿತ್ತಲಿನ ಲೆಕ್ಕ ಹಾಕಿದೆ. ಒಟ್ಟು 300 ಚದರ ಅಡಿ. ಐದು ಏರಿಗೆ ತಲಾ 20 ಚದರ ಅಡಿಯಂತೆ ಗಿಡಕ್ಕೆ ಸಿಕ್ಕಿದ್ದು 100. ಉಳಿದ 200 ಚದರ ಅಡಿಯಲ್ಲಿ ಓಡಾಡಿದ್ದು ನಿಮ್ಮ ಚಪ್ಪಲಿ.

ಏರು ಬಿಡಿ, ಅಗಲ ಮಡಿ ಮಾಡಿ. 4 ಅಡಿಯ ಮೂರು ಮಡಿ, ನಡುವೆ ಒಂದೂವರೆ ಅಡಿಯ ಎರಡು ದಾರಿ. 12 + 3 = 15. ಗಿಡಕ್ಕೆ 240 ಚದರ ಅಡಿ ಸಿಗುತ್ತದೆ. ಒಂದು ಗುಂಟೆಯನ್ನೂ ಕೊಳ್ಳದೆ ಹಿತ್ತಲು ಎರಡು ಪಟ್ಟಿಗಿಂತ ದೊಡ್ಡದಾಯಿತು.

ಇನ್ನೊಂದು ವಿಷಯ. ಸಸಿಗಳನ್ನು ಚೌಕದಲ್ಲಿ ನೆಡಬೇಡಿ. ಎರಡನೆಯ ಸಾಲಿನ ಸಸಿ ಮೊದಲ ಸಾಲಿನ ಎರಡು ಸಸಿಗಳ ನಡುವಿನ ತೆರಪಿಗೆ ಬರಲಿ. ಗಿಡದಿಂದ ಗಿಡಕ್ಕೆ ಅಂತರ ಅಷ್ಟೇ ಇದ್ದರೂ ಶೇಕಡಾ 15ರಷ್ಟು ಹೆಚ್ಚು ಗಿಡ ಹಿಡಿಯುತ್ತದೆ. ಮಡಿಯ ಅಂಚಿನಲ್ಲಿ ತುಸು ಕಳೆದುಕೊಂಡರೂ ಲಾಭವೇ.

ಸೋಮವಾರಪೇಟೆ ಅಕ್ಕ · ಸೆಪ್ಟೆಂಬರ್ 15

ಮೇಷ್ಟ್ರೇ, ಲೆಕ್ಕ ಕಾಗದದ ಮೇಲೆ ಚೆಂದವಾಗಿದೆ. ಬೇಲಿಗೆ ತಾಗಿದ 4 ಅಡಿ ಮಡಿಗೆ ಆಚೆ ಬದಿಯಿಂದ ಕೈ ಹಾಕುವವರು ಯಾರು? ಕಾಫಿ ತೋಟದ ಗುಮಾಸ್ತ ರೈಟರೇ? ಕುಕ್ಕುರುಗಾಲಿನಲ್ಲಿ ಕುಳಿತರೆ ನನ್ನ ಕೈ ನಿಲುಕುವುದು ಎರಡೂವರೆ ಅಡಿ. ಅದಕ್ಕಿಂತ ಒಳಗಿನ ಕಳೆ ಕೀಳಬೇಕೆಂದರೆ ಮಡಿಯ ಮೇಲೆ ಕಾಲಿಡಬೇಕು. ನಮ್ಮ ಕೆಂಪು ಮಣ್ಣು ಒದ್ದೆಯಾಗಿದ್ದಾಗ ಒಮ್ಮೆ ಕಾಲಿಟ್ಟರೆ ಅಲ್ಲಿ ಬೇರು ಇಳಿಯುವುದಿಲ್ಲ, ನೀರೂ ಇಳಿಯುವುದಿಲ್ಲ. ಮಡಿಗೆ ಕಾಲು ತಾಗಿಸಬಾರದು ಎಂಬುದೊಂದನ್ನು ಪಾಲಿಸಿದರೆ ಅರ್ಧ ಕೆಲಸ ಆದಂತೆ.

ವಿರಾಜಪೇಟೆ ಮೇಷ್ಟ್ರು · ಸೆಪ್ಟೆಂಬರ್ 15

ತಪ್ಪೊಪ್ಪಿಕೊಂಡೆ. ಮತ್ತೆ ಬರೆದೆ: ಎರಡೂ ಅಂಚಿಗೆ ಎರಡೂವರೆ ಅಡಿಯ ಒಂದೊಂದು ಮಡಿ, ನಡುವೆ ಮೂರೂವರೆ ಅಡಿಯ ಎರಡು ಮಡಿ, ಮೂರು ದಾರಿ ತಲಾ ಒಂದು ಅಡಿ. 5 + 7 + 3 = 15. ಗಿಡಕ್ಕೆ ಈಗಲೂ 240 ಚದರ ಅಡಿಯೇ. ಬಾಂಡಲಿ ಹಿಡಿದು ನಡೆಯಲು ಒಂದು ಅಡಿ ದಾರಿ ಸಾಕು.

ಚಪ್ಪರ ಎಲ್ಲಿ ಎಂಬುದನ್ನೂ ಈಗಲೇ ತೀರ್ಮಾನಿಸಿ. ಮಡಿಕೇರಿ ಇರುವುದು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಆಗಸ್ಟ್ 20ರ ಸುಮಾರಿಗೆ ನೆತ್ತಿ ದಾಟುವ ಸೂರ್ಯ ಮತ್ತೆ ನೆತ್ತಿಗೆ ಬರುವುದು ಏಪ್ರಿಲ್ 23ರ ಸುಮಾರಿಗೆ. ನಮ್ಮ ತರಕಾರಿ ಕಾಲವೆಲ್ಲ ಆ ಎಂಟು ತಿಂಗಳಲ್ಲಿಯೇ ಬರುತ್ತದೆ, ಅಷ್ಟೂ ದಿನ ಮಧ್ಯಾಹ್ನದ ಬಿಸಿಲು ದಕ್ಷಿಣದಿಂದ. ಡಿಸೆಂಬರ್ ಕೊನೆಯಲ್ಲಿ 6 ಅಡಿ ಎತ್ತರದ ಚಪ್ಪರದ ನೆರಳು ನಡುಮಧ್ಯಾಹ್ನ ನಾಲ್ಕು ಅಡಿಗೂ ತುಸು ಹೆಚ್ಚು ಉತ್ತರಕ್ಕೆ ಚಾಚುತ್ತದೆ. ಆದ್ದರಿಂದ ಬಳ್ಳಿಗಳೆಲ್ಲ ಉತ್ತರದ ಬೇಲಿಗೆ. ನೆರಳು ತೋಟದವರ ಕಾಫಿಗೆ ಬೀಳಲಿ, ಕಾಫಿಗೆ ನೆರಳು ಬೇಕೇ ಬೇಕಲ್ಲ.

ಬೆಂಗಳೂರಿನಲ್ಲಿರುವ ಕೊಡಗಿನವನು · ಸೆಪ್ಟೆಂಬರ್ 15

ಇಷ್ಟೆಲ್ಲ ಯಾಕೆ? ನೀರಿನಲ್ಲಿಯೇ ಬೆಳೆಯುವ ಗೋಪುರದ ಕಿಟ್‌ಗಳು ಬಂದಿವೆ. ಒಂದು ಚದರ ಮೀಟರಿನಲ್ಲಿ ಮೂವತ್ತು-ನಲವತ್ತು ಲೆಟ್ಯೂಸ್ ಗಿಡ ನಿಲ್ಲಿಸಬಹುದು. ಪಂಪು, ಟೈಮರ್, ಪೋಷಕಾಂಶದ ಬಾಟಲಿ ಎಲ್ಲ ಒಟ್ಟಿಗೆ ಸಿಗುತ್ತವೆ.

ಸೋಮವಾರಪೇಟೆ ಅಕ್ಕ · ಸೆಪ್ಟೆಂಬರ್ 15

ತಮ್ಮಾ, ಮಳೆಗಾಲದಲ್ಲಿ ನಮ್ಮಲ್ಲಿ ಮೂರು ದಿನ ಕರೆಂಟ್ ಇಲ್ಲದಿರುವುದು ನಿನಗೆ ಮರೆತುಹೋಯಿತೇ? ಲೆಟ್ಯೂಸ್ ಹಾಕಿ ಸಾರು ಮಾಡುವುದು ಹೇಗೆ ಎಂದೂ ಬರೆ. ಮೂಗಿಗಿಂತ ಮೂಗುತಿ ಭಾರ ಆಗಬಾರದು.

ಭಾಗಮಂಡಲ ಮಳೆಗಾಲ · ಸೆಪ್ಟೆಂಬರ್ 16

ಎಲ್ಲರೂ ಅಗಲ, ಉದ್ದ ಎನ್ನುತ್ತಿದ್ದೀರಿ. ಎತ್ತರದ ಮಾತು ಯಾರೂ ಎತ್ತಲಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಇನ್ನೂ ಹೆಚ್ಚು. ಮಡಿ ಒಂದು ಅಡಿಯಾದರೂ ಎತ್ತರ ಇರಬೇಕು. ಅಂಚಿಗೆ ಕಲ್ಲು, ಇಲ್ಲವೇ ಅಡಿಕೆ ಮರ ಸೀಳಿದ ದಬ್ಬೆ ಕೊಡಿ, ಇಲ್ಲದಿದ್ದರೆ ಜುಲೈ ಹೊತ್ತಿಗೆ ಮಡಿಯೂ ದಾರಿಯೂ ಒಂದಾಗುತ್ತವೆ. ಮಳೆಗಾಲದಲ್ಲಿ ದಾರಿಯೇ ಚರಂಡಿ. ಅದರ ಬಾಯಿ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ನೋಡಿ, ಆಮೇಲೆ ಗುದ್ದಲಿ ಹಿಡಿಯಿರಿ.

ಒಂದು ಎಚ್ಚರಿಕೆ. ಜಾಗ ಸಾಲದು ಎಂದು ಹಿತ್ತಲಿನ ಬರೆ (ಕಡಿದಾದ ಮಣ್ಣಿನ ದಿಣ್ಣೆ) ಕಡಿದು ಸಪಾಟು ಮಾಡಲು ಹೋಗಬೇಡಿ. 2018ರ ಆಗಸ್ಟಿನ ಭೂಕುಸಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಳಿಜಾರಿಗೆ ಅಡ್ಡವಾಗಿ ಮಡಿ ಹಾಕಿ, ಬರೆ ಹಾಗೆಯೇ ಇರಲಿ.

ಗೋಣಿಕೊಪ್ಪಲು ನರ್ಸರಿ · ಸೆಪ್ಟೆಂಬರ್ 17

ಮೇಷ್ಟ್ರು ಅಡಿ ಎಣಿಸಿದರು, ನಾನು ದಿನ ಎಣಿಸುತ್ತೇನೆ. ಕಳೆದ ವರ್ಷ ನೀವು ಅಕ್ಟೋಬರ್ ಕೊನೆಗೆ ಟೊಮೆಟೊ ಬೀಜವನ್ನು ನೇರ ಏರಿಗೆ ಹಾಕಿದ್ದಿರಬೇಕು. ಬೀಜ ಮೊಳೆತು ಗೇಣುದ್ದದ ಸಸಿಯಾಗಲು 25ರಿಂದ 30 ದಿನ. ಅಷ್ಟೂ ದಿನ ಮೂರು ಎಲೆಯ ಸಸಿಯೊಂದು ಒಂದೂವರೆ ಅಡಿ ಜಾಗವನ್ನು ಯಜಮಾನನ ಹಾಗೆ ಹಿಡಿದು ಕುಳಿತಿರುತ್ತದೆ. ಅದೇ ಸಸಿ ಜಗಲಿಯ ಮೇಲಿನ ಟ್ರೇಯಲ್ಲಿ ಅಂಗೈಯಷ್ಟು ಜಾಗವನ್ನೂ ಕೇಳುವುದಿಲ್ಲ.

ಇವತ್ತು ಸೆಪ್ಟೆಂಬರ್ 17. ಟೊಮೆಟೊ, ಬದನೆ, ಮೆಣಸು, ಎಲೆಕೋಸು, ನವಿಲುಕೋಸು ಇವುಗಳ ಬೀಜ ಈ ವಾರವೇ ಟ್ರೇಗೆ ಹೋಗಲಿ. ಟ್ರೇ ಜಗಲಿಯ ಅಂಚಿನಲ್ಲಿ, ಬೆಳಕಿಗೆ, ಆದರೆ ಮಳೆ ಎರಚಲು ತಾಗದಂತೆ. ತುಲಾ ಸಂಕ್ರಮಣ ಕಳೆದು ಮಳೆ ಹಿಂದೆ ಸರಿಯುವಷ್ಟರಲ್ಲಿ ನೆಡಲು ಸಸಿ ಸಿದ್ಧ. ಅಲ್ಲಿಗೆ ಒಂದು ತಿಂಗಳು ಗಳಿಸಿದಿರಿ.

ಮುಂದೆಯೂ ಇದನ್ನೇ ಮಾಡುತ್ತಾ ಹೋಗಿ. ಒಂದು ಬೆಳೆ ಮುಗಿಯುವ ಮೂರು ವಾರ ಮೊದಲೇ ಮುಂದಿನದರ ಸಸಿ ಟ್ರೇಯಲ್ಲಿರಬೇಕು. ಬೆಳಿಗ್ಗೆ ಕಿತ್ತ ಜಾಗಕ್ಕೆ ಸಂಜೆ ನೆಡಬೇಕು. ಮೂಲಂಗಿ, ಬೀನ್ಸ್, ಕ್ಯಾರೆಟ್ ಮಾತ್ರ ನೇರ ಬೀಜವೇ ಆಗಬೇಕು. ಮೂಲಂಗಿ, ಕ್ಯಾರೆಟ್ ಕಿತ್ತು ನೆಟ್ಟರೆ ಗಡ್ಡೆ ಕವಲೊಡೆಯುತ್ತದೆ, ಬೀನ್ಸ್ ಬೇರು ಅಲುಗಾಡಿದರೆ ಮುನಿಸಿಕೊಳ್ಳುತ್ತದೆ.

ಮಡಿಕೇರಿ ಹಿತ್ತಲು · ಸೆಪ್ಟೆಂಬರ್ 18

ಯಜಮಾನನ ಹಾಗೆ ಎಂದದ್ದಕ್ಕೆ ಮನೆಯಲ್ಲಿ ಎಲ್ಲರೂ ನಕ್ಕರು, ಯಜಮಾನರ ಹೊರತು. ಟ್ರೇ ತಂದೆ. ನವಿಲುಕೋಸು ನಾಲ್ಕನೆಯ ದಿನಕ್ಕೆ ತಲೆ ಎತ್ತುತ್ತದೆ ಎಂದು ಪೊಟ್ಟಣದ ಮೇಲಿದೆ, ಕಾಯುತ್ತಿದ್ದೇನೆ. ಗೊಬ್ಬರದ ಬಗ್ಗೆ ಹೇಳಿ. ಹಟ್ಟಿಗೊಬ್ಬರ ಎರಡು ಚೀಲ ಸಿಗುತ್ತದೆ. ಅದು ಸಾಕೇ?

ಸೋಮವಾರಪೇಟೆ ಅಕ್ಕ · ಸೆಪ್ಟೆಂಬರ್ 18

ಗೊಬ್ಬರಕ್ಕಿಂತ ಮೊದಲು ಸುಣ್ಣ. ಇಷ್ಟು ಮಳೆಗೆ ಮಣ್ಣಿನ ಸುಣ್ಣದ ಅಂಶ ಕೊಚ್ಚಿಹೋಗಿ ಮಣ್ಣು ಹುಳಿಯಾಗಿರುತ್ತದೆ. ತೋಟಕ್ಕೆ ತಪ್ಪದೆ ಸುಣ್ಣ ಹಾಕಿಸುವವರು ಅದೇ ಮನೆಯ ಹಿತ್ತಲಿಗೆ ಒಂದು ಹಿಡಿಯನ್ನೂ ಹಾಕುವುದಿಲ್ಲ, ಆಮೇಲೆ ಬೀಟ್ರೂಟ್ ಗೋಲಿಯಷ್ಟೇ ಆಯಿತು ಎಂದು ಗೊಣಗುತ್ತಾರೆ. ಕೃಷಿ ಸುಣ್ಣ ತನ್ನಿ, ಗೋಡೆಗೆ ಬಳಿಯುವ ಸುಟ್ಟ ಸುಣ್ಣ ಬೇಡ. ನಾನು ಒಂದು ಚದರ ಮೀಟರಿಗೆ 200 ಗ್ರಾಂ ಲೆಕ್ಕದಲ್ಲಿ ಉದುರಿಸಿ ಗುದ್ದಲಿಯಿಂದ ಮಗುಚುತ್ತೇನೆ. ಮಣ್ಣು ಪರೀಕ್ಷೆ ಮಾಡಿಸಿದರೆ ಅಳತೆ ಇನ್ನೂ ಸರಿಯಾಗಿ ತಿಳಿಯುತ್ತದೆ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಸುಣ್ಣ ಮತ್ತು ಹಟ್ಟಿಗೊಬ್ಬರ ಒಂದೇ ದಿನ ಹಾಕಬೇಡಿ. ಮೂಗಿಗೆ ಘಾಟು ಬಂದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಯಿತೆಂದೇ ಅರ್ಥ. ನಡುವೆ ಎರಡು ವಾರ ಬಿಡಿ. ಒತ್ತೊತ್ತಾಗಿ ಬೆಳೆಯುವಾಗ ಎರಡು ಚೀಲ ಸಾಲುವುದಿಲ್ಲ, ಅದೂ ಒಂದೇ ಸಲ ಸುರಿದರೆ ಹಿಂಗಾರು ಮಳೆಗೆ ಅರ್ಧ ಹೋಗುತ್ತದೆ. ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿ, ತಿಳಿಯನ್ನು ಹತ್ತು ಪಾಲು ನೀರಿಗೆ ಬೆರೆಸಿ, ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಕೊಡಿ. ಬಚ್ಚಲು ಒಲೆಯ ಬೂದಿ ಜೋಪಾನ ಮಾಡಿ, ಕಾಯಿ ಕಚ್ಚುವ ಹೊತ್ತಿಗೆ ಅದು ಬೇಕು.

ಕುಶಾಲನಗರ ಟೆರೇಸ್ · ಸೆಪ್ಟೆಂಬರ್ 20

ನಮ್ಮ ಕಡೆ ನಿಮ್ಮ ಅರ್ಧದಷ್ಟೂ ಮಳೆ ಇಲ್ಲ, ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಕಳೆದು ಓದಿಕೊಳ್ಳಿ. ನನ್ನದು ತಾರಸಿಯ ಮೇಲೆ ಚೀಲದ ಕೃಷಿ. ಮಣ್ಣು, ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಸಮಪಾಲು. ಚೀಲದ ದೊಡ್ಡ ಲಾಭವೆಂದರೆ ಬಿಸಿಲು ಹೋದ ಕಡೆಗೆ ಎಳೆದುಕೊಂಡು ಹೋಗಬಹುದು, ರೋಗ ಬಂದ ಗಿಡವನ್ನು ಮಣ್ಣು ಸಮೇತ ಹೊರಗೆ ಹಾಕಬಹುದು.

ಕಾಫಿ ಹಣ್ಣಿನ ಸಿಪ್ಪೆ ಬಿಟ್ಟಿ ಸಿಗುತ್ತದೆ ಎಂದು ಹಸಿಯಾಗಿ ಮಡಿಗೆ ಸುರಿಯಬೇಡಿ. ನಾನು ಸುರಿದು ಒಂದಿಡೀ ಸಾಲು ಮೆಣಸಿನ ಗಿಡ ಹಳದಿಯಾಗುವುದನ್ನು ನೋಡಿದ್ದೇನೆ. ಸಗಣಿ ಸೇರಿಸಿ, ಮಗುಚಿ, ಕಪ್ಪಾಗಿ ಪುಡಿಪುಡಿಯಾದ ಮೇಲೆ ಅದಕ್ಕಿಂತ ಒಳ್ಳೆಯ ಗೊಬ್ಬರ ಇಲ್ಲ.

ಮಡಿಕೇರಿ ಹಿತ್ತಲು · ನವೆಂಬರ್ 2

ಬಹಳ ದಿನವಾಯಿತು, ಕ್ಷಮಿಸಿ. ನಾಲ್ಕು ಮಡಿಗಳೂ ಎದ್ದಿವೆ. ಸುಣ್ಣ ಹಾಕಿ ಹದಿನೆಂಟು ದಿನ ಬಿಟ್ಟು ಗೊಬ್ಬರ ಹಾಕಿದೆ. ಸಸಿಗಳು ಅಕ್ಟೋಬರ್ 21ಕ್ಕೆ ಮಡಿಗೆ ಇಳಿದವು. ನವಿಲುಕೋಸಿನ ನಡುವಿನ ತೆರಪಿಗೆ ಮೂಲಂಗಿ ಬೀಜ ಹಾಕಿದ್ದೇನೆ, ಇದು ಸರಿಯೇ?

ಗೋಣಿಕೊಪ್ಪಲು ನರ್ಸರಿ · ನವೆಂಬರ್ 2

ಸರಿ. ಕೋಸಿನ ಎಲೆ ಚಾಚಿ ಒಂದಕ್ಕೊಂದು ತಾಗುವ ಹೊತ್ತಿಗೆ ಮೂಲಂಗಿ ಸಾಂಬಾರಿನಲ್ಲಿರುತ್ತದೆ. ಗಡ್ಡೆ ದಪ್ಪವಾಗಲಿ ಎಂದು ಆಸೆಯಿಂದ ಬಿಡಬೇಡಿ, 45 ದಿನ ದಾಟಿದರೆ ಬೆಂಡಾಗುತ್ತದೆ, ಕೋಸಿಗೂ ತೊಂದರೆ.

ಹರಿವೆಯನ್ನು ಬೇರು ಸಮೇತ ಕೀಳುವ ಅಭ್ಯಾಸವಿದ್ದರೆ ಬಿಡಿ. ನೆಲದಿಂದ ನಾಲ್ಕು ಬೆರಳು ಮೇಲೆ, ಒಂದೆರಡು ಗೆಣ್ಣು ಉಳಿಯುವ ಹಾಗೆ ಕತ್ತರಿಸಿ. ಪಕ್ಕದಿಂದ ಮತ್ತೆ ಚಿಗುರುತ್ತದೆ. ಒಂದೇ ಬಿತ್ತನೆಗೆ ನಾಲ್ಕು ಕೊಯ್ಲು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಇಂತಹ ಕೊಯ್ಲಿಗೆಂದೇ ಇರುವ ತಳಿ.

ಮಡಿಕೇರಿ ಹಿತ್ತಲು · ನವೆಂಬರ್ 26

ತುರ್ತು. ಹನ್ನೊಂದು ಟೊಮೆಟೊ ಗಿಡಗಳಲ್ಲಿ ಮೂರು ನಿನ್ನೆ ಮಧ್ಯಾಹ್ನ ತಲೆ ಬಗ್ಗಿಸಿದವು. ಎಲೆ ಹಳದಿಯಾಗಿಲ್ಲ, ಚುಕ್ಕಿ ಇಲ್ಲ, ಹಸಿರಾಗಿಯೇ ಜೋತುಬಿದ್ದಿವೆ. ರಾತ್ರಿ ನೀರು ಕೊಟ್ಟೆ, ಬೆಳಿಗ್ಗೆ ಒಂದಿಷ್ಟು ಎದ್ದಂತೆ ಕಂಡು ಮಧ್ಯಾಹ್ನಕ್ಕೆ ಮತ್ತೆ ಮಲಗಿದವು. ಪಕ್ಕದ ಮನೆಯವರು ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯಿರಿ ಎನ್ನುತ್ತಾರೆ.

ಗೋಣಿಕೊಪ್ಪಲು ನರ್ಸರಿ · ನವೆಂಬರ್ 26

ಬೋರ್ಡೋ ಎಲೆಯ ಮೇಲಿನ ಶಿಲೀಂಧ್ರಕ್ಕೆ. ಇದು ಬೇರಿನಿಂದ ಏರಿದ್ದು ಎಂದು ನನ್ನ ಅನುಮಾನ. ಒಂದು ಗಿಡ ಕಿತ್ತು, ಬುಡದ ಹತ್ತಿರದ ಕಾಂಡವನ್ನು ಹರಿತ ಚಾಕುವಿನಿಂದ ಅಡ್ಡ ಕತ್ತರಿಸಿ, ಆ ತುಂಡನ್ನು ಗಾಜಿನ ಲೋಟದ ತಿಳಿ ನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಅಲುಗಾಡಿಸಬೇಡಿ. ಐದು ನಿಮಿಷ ನೋಡಿ, ಏನು ಕಂಡಿತೆಂದು ಬರೆಯಿರಿ.

ಮಡಿಕೇರಿ ಹಿತ್ತಲು · ನವೆಂಬರ್ 26

ನೋಡಿದೆ. ಮೊದಲ ಒಂದು ನಿಮಿಷ ಏನೂ ಇಲ್ಲ. ಆಮೇಲೆ ಕತ್ತರಿಸಿದ ಅಂಚಿನಿಂದ ಬಿಳಿ ಎಳೆಯೊಂದು ಇಳಿಯಿತು. ಊದುಬತ್ತಿಯ ಹೊಗೆಯನ್ನು ತಲೆಕೆಳಗು ಮಾಡಿದಂತೆ, ಸುರುಳಿಯಾಗಿ, ನಿಧಾನವಾಗಿ. ಒಂದರ ಹಿಂದೆ ಇನ್ನೊಂದು. ಮಗಳು ಕಿಟಕಿಯ ಬೆಳಕಿಗೆ ಲೋಟ ಹಿಡಿದು ಕರೆದಾಗ ತಳದಲ್ಲಿ ನೀರು ಅಕ್ಕಿ ತೊಳೆದ ಹಾಗೆ ಮಂಕಾಗಿತ್ತು. ನೋಡಲು ಚೆಂದವಾಗಿತ್ತು ಎನ್ನಲು ಸಂಕಟವಾಗುತ್ತದೆ.

ಗೋಣಿಕೊಪ್ಪಲು ನರ್ಸರಿ · ನವೆಂಬರ್ 26

ದುಂಡಾಣು ಸೊರಗು ರೋಗ. ಆ ಬಿಳಿ ಎಳೆಯೆಲ್ಲ ದುಂಡಾಣುಗಳೇ. ಕಾಂಡದ ನೀರಿನ ನಾಳಗಳನ್ನು ಕಟ್ಟಿಬಿಡುತ್ತವೆ, ಅದಕ್ಕೇ ಮಣ್ಣು ಒದ್ದೆಯಿದ್ದರೂ ಗಿಡಕ್ಕೆ ಬಾಯಾರಿಕೆ. ಸಿಂಪಡಿಸಿ ಗುಣ ಮಾಡುವ ಔಷಧಿ ಇಲ್ಲ. ಬಾಡಿದ ಗಿಡಗಳನ್ನು ಬೇರಿನ ಸುತ್ತಲಿನ ಮಣ್ಣು ಸಮೇತ ತೆಗೆದು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಅಲ್ಲಿ ಬಳಸಿದ ಗುದ್ದಲಿಯನ್ನು ತೊಳೆದೇ ಬೇರೆ ಮಡಿಗೆ ಒಯ್ಯಿರಿ. ಆ ಮಡಿಯಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಬೇಡ, ಎಲ್ಲ ಒಂದೇ ಕುಟುಂಬ. ಅಂದ ಹಾಗೆ, ಮಡಿ ಎತ್ತರಿಸಲು ಮಣ್ಣು ಎಲ್ಲಿಂದ ತಂದಿರಿ?

ಮಡಿಕೇರಿ ಹಿತ್ತಲು · ನವೆಂಬರ್ 27

ಮಣ್ಣು ತುಂಬಿಸುವವರೊಬ್ಬರು ಒಂದು ಪಿಕ್‌ಅಪ್ ತಂದು ಸುರಿದಿದ್ದರು. ಕಾಡಿನಂಚಿನ ಮಣ್ಣು ಎಂದಿದ್ದರು. ಇವತ್ತು ಕೇಳಿದರೆ ಯಾರೋ ಟೊಮೆಟೊ ಬೆಳೆದು ಕೈಬಿಟ್ಟ ಹೊಲದ್ದಂತೆ. ಹಣ ಕೊಡುವಾಗ ನನ್ನ ಬಾಯಿಗೆ ಆ ಪ್ರಶ್ನೆ ಬರಲಿಲ್ಲ.

ಭಾಗಮಂಡಲ ಮಳೆಗಾಲ · ನವೆಂಬರ್ 27

ಕೊಳ್ಳುವ ಮಣ್ಣಿಗೂ ಜಾತಕ ಕೇಳಬೇಕಾದ ಕಾಲ. ಕಳೆದ ಸಲ ಅಲ್ಲಿ ಏನು ಬೆಳೆದಿತ್ತು ಎಂದು ಕೇಳಿ, ಟೊಮೆಟೊ, ಆಲೂಗಡ್ಡೆ, ಶುಂಠಿ ಎಂದರೆ ಪಿಕ್‌ಅಪ್ ತಿರುಗಿಸಿ ಕಳಿಸಿ. ನಾನಾದರೆ ದಾರಿಗೆ ತೋಡಿದ ಮಣ್ಣನ್ನೇ ಮಡಿಗೆ ಹಾಕುತ್ತೇನೆ, ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ಕುಶಾಲನಗರ ಟೆರೇಸ್ · ನವೆಂಬರ್ 27

ಟೊಮೆಟೊವನ್ನು ಚೀಲಕ್ಕೆ ತನ್ನಿ, ಹೊಸ ಮಣ್ಣಿಗೆ. ತಳಿ ಅರ್ಕಾ ರಕ್ಷಕ್ ಇಲ್ಲವೇ ಅರ್ಕಾ ಅಭೇದ್ ಆಗಲಿ, ಎರಡಕ್ಕೂ ಈ ಸೊರಗಿಗೆ ನಿರೋಧ ಶಕ್ತಿ ಇದೆ. ಎಲೆಯ ಬುಡದಿಂದ ಬರುವ ಬಗಲ ಚಿಗುರು ಚಿವುಟಿ, ಒಂದೇ ಕಾಂಡವನ್ನು ಹುರಿಗೆ ಸುತ್ತಿ ಮೇಲಕ್ಕೆ ಒಯ್ದರೆ ಒಂದೂವರೆ ಅಡಿಗೊಂದು ಗಿಡ ನಿಲ್ಲುತ್ತದೆ. ಕೆಳಗಿನ ಎಲೆ ತೆಗೆದು ಗಾಳಿ ಆಡಲು ಬಿಡಿ. ಬೋರ್ಡೋ ಬೇಕಾಗುವುದು ಮಂಜು ಬಿದ್ದು ಅಂಗಮಾರಿ ಬರುವ ಹೊತ್ತಿಗೆ.

ವಿರಾಜಪೇಟೆ ಮೇಷ್ಟ್ರು · ನವೆಂಬರ್ 28

ಬೋರ್ಡೋ ಮಾತು ಬಂತೆಂದು ಹೇಳುತ್ತೇನೆ. ತೋಟಕ್ಕೆ 100 ಲೀಟರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ. ಹಿತ್ತಲಿಗೆ ಲೀಟರಿಗೆ 10 ಗ್ರಾಂ, 10 ಗ್ರಾಂ. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ ಬೆರೆಸಿ, ಹೊಸ ಬ್ಲೇಡನ್ನು ಅದ್ದಿ ನೋಡಿ. ಬ್ಲೇಡಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಮಾಡಿದ ದಿನವೇ ಬಳಸಬೇಕು. ಹಣ್ಣಿರುವ ಗಿಡಕ್ಕೆ ಹೊಡೆದು ಮರುದಿನ ಕೊಯ್ದು ತಿನ್ನಬೇಡಿ.

ಮಡಿಕೇರಿ ಹಿತ್ತಲು · ಡಿಸೆಂಬರ್ 4

ಐದು ಗಿಡ ಹೋದವು, ಆರು ಉಳಿದಿವೆ. ನರ್ಸರಿಯವರ ಮಾತಿನಂತೆ ಜಾಗ ಖಾಲಿ ಬಿಡಲಿಲ್ಲ, ಮರುದಿನವೇ ಆ ಕುಳಿಗಳಲ್ಲಿ ಬಳ್ಳಿ ಬೀನ್ಸ್ ಊರಿದೆ. ಟೊಮೆಟೊಗೆ ನಿಲ್ಲಿಸಿದ್ದ ಬಿದಿರು ಕೋಲುಗಳನ್ನು ಬಳ್ಳಿಗೆ ಹಾಗೆಯೇ ಬಳಸಿಕೊಂಡೆ. ಪುತ್ತರಿ ಹಬ್ಬದ ಗಡಿಬಿಡಿಯಲ್ಲಿ ನಾಲ್ಕು ದಿನ ನೀರು ಹಾಕಲು ಮರೆತಿದ್ದೆ, ಆದರೂ ಮೊಳೆತಿವೆ.

ಬೆಂಗಳೂರಿನಲ್ಲಿರುವ ಕೊಡಗಿನವನು · ಡಿಸೆಂಬರ್ 5

ಪೊದೆ ಬೀನ್ಸ್ ಹಾಕಿದ್ದರೆ ಬೇಗ ಬರುತ್ತಿತ್ತಲ್ಲ?

ಸೋಮವಾರಪೇಟೆ ಅಕ್ಕ · ಡಿಸೆಂಬರ್ 5

ಬೇಗ ಬರುತ್ತದೆ, ಬೇಗ ಹೋಗುತ್ತದೆ. ಪೊದೆ ಬೀನ್ಸ್ ಮೂರು ಸಲ ಕೊಯ್ದರೆ ಮುಗಿಯಿತು, ನೆಲವನ್ನೂ ಹರಡಿಕೊಂಡು ತಿನ್ನುತ್ತದೆ. ಬಳ್ಳಿ ಬೀನ್ಸ್ ಹತ್ತು ದಿನ ತಡವಾದರೂ ಒಂದು ಗೇಣು ಜಾಗದಲ್ಲಿ ನಿಂತು ಒಂದೂವರೆ ತಿಂಗಳು ಕೊಡುತ್ತದೆ. ಎಳೆಯದಿರುವಾಗಲೇ ಕೊಯ್ಯಬೇಕು. ಗಿಡದಲ್ಲಿ ನಾಲ್ಕು ಕಾಯಿ ಬಲಿಯಲು ಬಿಟ್ಟರೆ ತನ್ನ ಕೆಲಸ ಮುಗಿಯಿತೆಂದು ಹೂ ಬಿಡುವುದನ್ನೇ ನಿಲ್ಲಿಸುತ್ತದೆ. (ತಮ್ಮಾ, ಪ್ರಶ್ನೆ ಒಳ್ಳೆಯದಿತ್ತು. ಗೋಪುರದ ಕೋಪ ಇನ್ನೂ ಇಳಿದಿಲ್ಲ, ಅಷ್ಟೆ.)

ಸೀಮೆಬದನೆಯನ್ನು ಯಾರೂ ಹೇಳಿಲ್ಲವಲ್ಲ! ಮೊಳೆ ಬಂದ ಇಡೀ ಕಾಯಿಯನ್ನು ಬಚ್ಚಲು ಮನೆಯ ಹಿಂದೆ ಊರಿ. ಬುಡಕ್ಕೆ ಎರಡು ಅಡಿ ಸಾಕು, ಬಳ್ಳಿಯನ್ನು ತಗಡಿನ ಮಾಡಿಗೆ ಹತ್ತಿಸಿ, ತಗಡಿನ ಮೇಲೆ ಒಣ ಕೊಂಬೆ ಹರಡಿದರೆ ಬಿಸಿ ತಾಗುವುದಿಲ್ಲ. ಮೇಷ್ಟ್ರ 240 ಚದರ ಅಡಿಯೊಳಗೆ ಇದನ್ನು ಸೇರಿಸಬೇಡಿ, ಬಿಟ್ಟರೆ ಅಷ್ಟನ್ನೂ ಅದೇ ತಿಂದುಹಾಕುತ್ತದೆ. ಕಾಯಿಯಷ್ಟೇ ಅಲ್ಲ, ಎಳೆ ಕುಡಿಯ ಪಲ್ಯವೂ ಆಗುತ್ತದೆ.

ಮಡಿಕೇರಿ ಹಿತ್ತಲು · ಫೆಬ್ರುವರಿ 8

ಬೇಲಿಗೆ ಹತ್ತಿಸಿದ ಕುಂಬಳ ಬಳ್ಳಿಯಲ್ಲಿ ಹೂವಿನ ಮೇಲೆ ಹೂ. ಲಿಂಬೆಯಷ್ಟಾದ ಕಾಯಿಗಳು ಹಳದಿಯಾಗಿ ಉದುರುತ್ತಿವೆ. ಏಳು ಉದುರಿದವು.

ಭಾಗಮಂಡಲ ಮಳೆಗಾಲ · ಫೆಬ್ರುವರಿ 8

ಜೇನು ಬರುತ್ತಿಲ್ಲ. ನನ್ನ ಬಳಿ ಎರಡು ತುಡುವೆ ಜೇನಿನ ಪೆಟ್ಟಿಗೆ ಇರುವುದರಿಂದ ಆ ಚಿಂತೆ ಇಲ್ಲ, ನಿಮಗೆ ನೀವೇ ಜೇನಾಗಬೇಕು. ಬೆಳಿಗ್ಗೆ ಏಳರ ಒಳಗೆ ಹೋಗಿ. ಹೂವಿನ ಹಿಂದೆ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟಾದರೆ ಗಂಡು. ಗಂಡು ಹೂ ಕಿತ್ತು, ದಳಗಳನ್ನು ಸುಲಿದು, ನಡುವಿನ ದಂಡನ್ನು ಬೆರಳ ತುದಿಗೆ ಒರೆಸಿ ನೋಡಿ. ಅರಿಶಿನ ಪುಡಿಯಂತೆ ಅಂಟಿದರೆ ಸರಿ. ಹೆಣ್ಣು ಹೂವಿನ ನಡುವಿನ ಅಂಟು ಭಾಗಕ್ಕೆ ಸುತ್ತಲೂ ಮೆಲ್ಲಗೆ ಸವರಿ. ಒಂಬತ್ತು ಗಂಟೆ ದಾಟಿದರೆ ಹೂ ಬಾಡಲು ಶುರುವಾಗುತ್ತದೆ. ಉಳಿದ ಗಂಡು ಹೂಗಳನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯಿರಿ.

ಮಡಿಕೇರಿ ಹಿತ್ತಲು · ಫೆಬ್ರುವರಿ 15

ನಾಲ್ಕು ಹೂವಿಗೆ ಸವರಿದೆ, ಮೂರು ನಿಂತಿವೆ. ಕಾಯಿಯ ಮೂತಿ ಕೆಳಮುಖವಾಯಿತು. ಬೋಂಡಾ ಮನೆಯವರಿಗೆ ಕುಂಬಳಕ್ಕಿಂತ ಹೆಚ್ಚು ಮೆಚ್ಚುಗೆಯಾಯಿತು.

ಮಡಿಕೇರಿ ಹಿತ್ತಲು · ಏಪ್ರಿಲ್ 30

ಕ್ಯಾಲೆಂಡರ್ ತೆಗೆದು ಕೂಡಿಸಿದೆ. ಸೊಪ್ಪು 17 ಕಿಲೋ, ಬೀನ್ಸ್ 14, ಕುಂಬಳ ಮೂರು ಕಾಯಿಗೆ 13, ಟೊಮೆಟೊ 12, ಮೂಲಂಗಿ 11, ನವಿಲುಕೋಸು-ಎಲೆಕೋಸು 11, ಅಲಸಂದೆ 9, ಬದನೆ 4. ಒಟ್ಟು 91 ಕಿಲೋ. ಸೀಮೆಬದನೆ ಇನ್ನೂ ಮಾಡಿನ ಅರ್ಧಕ್ಕೆ ಬಂದಿದೆ. ಕೋತಿಗಳು ಎರಡು ಸಲ ಬಂದು ಅಲಸಂದೆ ಹರಿದು ಹಾಕಿದವು, ಅದನ್ನು ತೂಗಲು ಆಗಲಿಲ್ಲ.

ಸೋಮವಾರಪೇಟೆ ಅಕ್ಕ · ಏಪ್ರಿಲ್ 30

ಕುಂಬಳವನ್ನು ತೂಕಕ್ಕೆ ಸೇರಿಸಿದ್ದು ಮೋಸ! ಅದು ನೀರಿನ ಭಾರ. ಆದರೂ 17 ಕಿಲೋ ಸೊಪ್ಪಿಗೆ ಭೇಷ್.

ಈಗ ಮಳೆಗಾಲಕ್ಕೆ ನೋಡಿ. ಮೇ ಮಳೆಗೆ ದಕ್ಷಿಣದ ಮಡಿಯಲ್ಲಿ ಕೆಂಬು (ಕೆಸು), ಅರಿಶಿನ ಊರಿ. ಜಡಿಮಳೆಗೆ ಹೆದರದವು, ಕೋತಿಯೂ ಮುಟ್ಟುವುದು ಕಡಿಮೆ. ಕೆಂಬಿನ ಎಲೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಅಡುಗೆಗೆ ಬರುತ್ತದೆ, ಕಾಚಂಪುಳಿ (ಕೊಡಗಿನ ಹುಳಿರಸ) ಹಾಕಿ ಚೆನ್ನಾಗಿ ಬೇಯಿಸಿ, ಇಲ್ಲದಿದ್ದರೆ ನಾಲಿಗೆ ತುರಿಸುತ್ತದೆ. ಮನೆ ಬಾಗಿಲ ಬಳಿ ಚಕ್ರಮುನಿಯ ಎರಡು ಕಡ್ಡಿ ಊರಿ. ಉಳಿದ ಮಡಿಗಳ ಮೇಲೆ ಒಣಹುಲ್ಲು ಹೊದಿಸಿ, ಬರಿ ಮಣ್ಣಿಗೆ ಮಳೆ ಬಡಿಯಬಾರದು.

ಭಾಗಮಂಡಲ ಮಳೆಗಾಲ · ಮೇ 1

ಒಂದು ಮಡಿಗೆ ಬಿದಿರು ಬಾಗಿಸಿ ಪ್ಲಾಸ್ಟಿಕ್ ಹಾಳೆಯ ಮಾಡು ಕಟ್ಟಿ. ಬದಿ ಮುಚ್ಚಬೇಡಿ, ಗಾಳಿ ಆಡಬೇಕು. ತಲೆಯ ಮೇಲೆ ನೀರು ಬೀಳದಿದ್ದರೆ ಜುಲೈನಲ್ಲಿಯೂ ಹರಿವೆ, ಮೆಂತ್ಯ ಬರುತ್ತದೆ. ಬಸವನಹುಳು ಸಹ ಅಲ್ಲಿಗೇ ಬರುತ್ತದೆ. ಸಂಜೆ ಒದ್ದೆ ಗೋಣಿ ಹಾಸಿಟ್ಟು ಬೆಳಿಗ್ಗೆ ಮಗುಚಿದರೆ ಕೆಳಗೆ ಗುಂಪಾಗಿ ಕೂತಿರುತ್ತವೆ. ಶನಿವಾರಸಂತೆ ಕಡೆ ಕಾಟ ಕೊಟ್ಟ ಆ ದೊಡ್ಡ ಆಫ್ರಿಕನ್ ಜಾತಿಯದಾದರೆ ಬರಿಗೈಯಲ್ಲಿ ಮುಟ್ಟಬೇಡಿ, ಕೈಗವಸು ಹಾಕಿ ಹೆಕ್ಕಿ ಉಪ್ಪು ನೀರಿಗೆ ಹಾಕಿ. ಮಡಿಯ ಮೇಲೆ ಉಪ್ಪು ಚೆಲ್ಲಬೇಡಿ.

ಮಡಿಕೇರಿ ಹಿತ್ತಲು · ಆಗಸ್ಟ್ 5

ಹಾಳೆಯ ಮಾಡು ಜುಲೈ ಗಾಳಿಗೆ ಒಮ್ಮೆ ಹಾರಿ ಪಕ್ಕದ ತೋಟದ ಸಿಲ್ವರ್ ಓಕ್ ಮೇಲೆ ಕೂತಿತ್ತು. ಈಗ ನಾಲ್ಕೂ ಕಡೆ ಹಗ್ಗ ಕಟ್ಟಿ ಕಲ್ಲು ಹೇರಿದ್ದೇನೆ. ಹರಿವೆ ಮೂರನೆಯ ಕೊಯ್ಲಿಗೆ ಬಂದಿದೆ. ಕೆಂಬಿನ ಎಲೆ ಒಂದೊಂದೂ ಮೊರದಗಲ. ಇವತ್ತಿನ ಬಸವನಹುಳು 23.

ಅಕ್ಕ, ಒಂದು ಕೇಳಬೇಕಿತ್ತು. ತುಲಾ ಸಂಕ್ರಮಣದ ಕಣಿ ಪೂಜೆಗೆ (ಸೌತೆಕಾಯಿಯನ್ನು ಕಾವೇರಿಯೆಂದು ಅಲಂಕರಿಸಿ ಪೂಜಿಸುವುದು) ಈ ಸಲ ಪೇಟೆಯ ಸೌತೆಕಾಯಿ ಬೇಡ, ಹಿತ್ತಲಿನದೇ ಇಡಬೇಕೆಂದು ನಮ್ಮ ಮನೆಯ ಕೊಡವ ಓನರಮ್ಮ ಆಸೆಪಟ್ಟಿದ್ದಾರೆ. ಬೀಜ ಯಾವಾಗ ಹಾಕಲಿ?

ಸೋಮವಾರಪೇಟೆ ಅಕ್ಕ · ಆಗಸ್ಟ್ 5

ಸೌತೆಗೆ ಐವತ್ತು ದಿನ, ಮಳೆ ಮೋಡಕ್ಕೆ ಹತ್ತು ದಿನ ಸೇರಿಸಿ. ಅಕ್ಟೋಬರ್ 17ರಿಂದ ಹಿಂದಕ್ಕೆ ಎಣಿಸಿದರೆ ಈ ವಾರ, ತಪ್ಪಿದರೆ ಮುಂದಿನ ವಾರ. ಟ್ರೇಗೆ ಹಾಕಿ, ಮೊಳಕೆಯ ಜೋಡಿ ಎಲೆಯ ನಂತರದ ಎರಡು ನಿಜ ಎಲೆ ಬಂದೊಡನೆ ಹಾಳೆಯ ಮಾಡಿನ ಕೆಳಗೆ ನೆಡಿ. ಮಳೆಗೆ ಜೇನು ಹೊರಡುವುದಿಲ್ಲ, ಕುಂಬಳಕ್ಕೆ ಮಾಡಿದ್ದನ್ನೇ ಮಾಡಿ. ಪೂಜೆಗೆ ಒಂದು ಸಾಕು, ಆದರೆ ಮೂರು ಗಿಡ ಇಡಿ.

ಮಡಿಕೇರಿ ಹಿತ್ತಲು · ಆಗಸ್ಟ್ 9

ಐದು ಬೀಜದಲ್ಲಿ ನಾಲ್ಕು ಮೊಳೆತಿವೆ. ಒಂದರ ತಲೆಯ ಮೇಲೆ ಬೀಜದ ಸಿಪ್ಪೆ ಇನ್ನೂ ಟೋಪಿಯ ಹಾಗೆ ಕೂತಿದೆ. ತೆಗೆಯಲೋ ಬಿಡಲೋ?

ಗೋಣಿಕೊಪ್ಪಲು ನರ್ಸರಿ · ಆಗಸ್ಟ್ 9

ಎಳೆಯಬೇಡಿ, ಎಲೆ ಹರಿಯುತ್ತದೆ. ಒಂದು ಹನಿ ನೀರು ಅದರ ಮೇಲೆ ಬಿಡಿ, ಸಂಜೆಗೆ ತಾನೇ ಕಳಚುತ್ತದೆ.